ಪೆನ್ಸಿಲ್ ಹಿಡಿದು ಸೊಮರ್‌ಫೆಲ್ಡ್ ಅವರನ್ನು ಓದುವುದು ಹೇಗೆ

ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ವಿಜ್ಞಾನಿಯ ಬದುಕನ್ನು ಓದಲು ಹೊರಟವರಿಗೆ ನೋಡಿ ನೆನಪಿಟ್ಟುಕೊಳ್ಳಲು ಒಂದು ಉಪಕರಣವಾದರೂ ಸಿಗುತ್ತದೆ. ಸೈದ್ಧಾಂತಿಕ ಭೌತವಿಜ್ಞಾನಿಯ ವಿಷಯದಲ್ಲಿ ಅದೂ ಇಲ್ಲ. ಅವರು ಬಿಟ್ಟುಹೋಗುವುದು ಕಾಗದ, ಸಮೀಕರಣ ಮತ್ತು ಶಿಷ್ಯರನ್ನು ಮಾತ್ರ. ಹೀಗಾಗಿ ಓದುಗರಲ್ಲಿ ಕೆಲವರು ಸಮೀಕರಣಗಳನ್ನು ಹಾರಿಸಿ ಉಪಕಥೆಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ, ಇನ್ನು ಕೆಲವರು ಪರೀಕ್ಷೆಗೆ ಬೇಕಾದ ಸೂತ್ರವನ್ನು ಬಾಯಿಪಾಠ ಮಾಡಿ ಮನುಷ್ಯನನ್ನು ಮರೆಯುತ್ತಾರೆ. ಜರ್ಮನಿಯ ಸೈದ್ಧಾಂತಿಕ ಭೌತವಿಜ್ಞಾನಿ ಆರ್ನಾಲ್ಡ್ ಸೊಮರ್‌ಫೆಲ್ಡ್ ಅವರ ಬದುಕು ಮತ್ತು ಕೆಲಸವನ್ನು ಈ ಎರಡು ತಪ್ಪುಗಳಿಗೂ ಬೀಳದೆ, ಮೂರು ನಾಲ್ಕು ವಾರಗಳ ಅವಧಿಯಲ್ಲಿ ಓದುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಪದವಿ ತರಗತಿಯ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವವರು ಮತ್ತು ಕನ್ನಡದಲ್ಲಿ ವಿಜ್ಞಾನ ಬರೆಯುವವರು ನನ್ನ ಕಣ್ಣ ಮುಂದಿದ್ದಾರೆ. ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್, ಒಂದೆರಡು ಗ್ರಾಫ್ ಹಾಳೆ ಮತ್ತು ಪದವಿ ತರಗತಿಯ ಆಧುನಿಕ ಭೌತಶಾಸ್ತ್ರದ ಯಾವುದಾದರೂ ಪಠ್ಯಪುಸ್ತಕ ಇದ್ದರೆ ಸಾಕು. ಕಾಲೇಜಿನ ಪ್ರಯೋಗಾಲಯದಲ್ಲಿ ಸೋಡಿಯಂ ದೀಪ ಮತ್ತು ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಒತ್ತೊತ್ತಾಗಿ ಗೀರುಗಳಿರುವ ಫಲಕ) ಸಿಕ್ಕರೆ ಇನ್ನೂ ಒಳ್ಳೆಯದು.

ಸೊಮರ್‌ಫೆಲ್ಡ್ ಅವರನ್ನೇ ಆರಿಸಲು ಕಾರಣವಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಸಿಗುವುದು ಎರಡೇ ಪುಟ. ಬೋರ್ ಅವರ ವೃತ್ತಾಕಾರದ ಕಕ್ಷೆಗಳ ಪಕ್ಕದಲ್ಲಿ ಒಂದು ದೀರ್ಘವೃತ್ತದ ಚಿತ್ರ, ಕೆಳಗೆ ನಾಲ್ಕು ಸಾಲಿನ ಮಿತಿಗಳು, ಅಷ್ಟರಲ್ಲಿ ಮುಂದಿನ ಅಧ್ಯಾಯ ಶುರುವಾಗುತ್ತದೆ. ಆದರೆ ಹೈಸೆನ್‌ಬರ್ಗ್, ಪೌಲಿ, ಡಿಬೈ, ಬೆಥೆ ಎಂಬ ನಾಲ್ವರು ನೊಬೆಲ್ ಪುರಸ್ಕೃತರು ಡಾಕ್ಟರೇಟ್ ಪಡೆದದ್ದು ಅವರ ಮಾರ್ಗದರ್ಶನದಲ್ಲಿ. ಪೌಲಿಂಗ್ ಮತ್ತು ರಾಬಿ ಅಮೆರಿಕದಿಂದ ಬಂದು ಅವರಲ್ಲಿ ಕಲಿತು ಹೋದರು. ಇಂಥ ಒಬ್ಬರು ಎರಡು ಪುಟದ ಮೆಟ್ಟಿಲಾಗಿ ಉಳಿದಿರುವುದು ನನಗೆ ಬಹಳ ಕಾಲದಿಂದ ನೋವಿನ ಸಂಗತಿ. ಅವರ ಸಂಶೋಧನೆಯನ್ನೂ ಬೋಧನೆಯನ್ನೂ ಎರಡು ಅಧ್ಯಾಯಗಳಾಗಿ ಒಡೆದು ಓದಿದರೆ ಎರಡೂ ಅರ್ಥವಾಗುವುದಿಲ್ಲ ಎಂಬುದು ನನ್ನ ಅನುಭವ. ಅಳತೆಗೂ ಲೆಕ್ಕಕ್ಕೂ ನಡುವೆ ಉಳಿದುಹೋದ ಸಣ್ಣ ಅಂತರವನ್ನು ಬಿಡದೆ ಹಿಡಿದು, ಲೆಕ್ಕವನ್ನು ಕೊನೆಯ ಅಂಕಿಯವರೆಗೆ, ಅದೂ ಇತರರು ನೋಡುತ್ತಿರುವಾಗಲೇ, ಮಾಡಿ ಮುಗಿಸುವ ಒಂದೇ ಅಭ್ಯಾಸ ಎರಡರ ಹಿಂದೆಯೂ ಇದೆ. ಅದನ್ನು ಕಾಣಬೇಕಾದರೆ ಆ ಲೆಕ್ಕಗಳಲ್ಲಿ ಒಂದನ್ನಾದರೂ ನಾವೇ ಮಾಡಬೇಕು.

ಮೊದಲು ಲೆಕ್ಕ, ಆಮೇಲೆ ಜನ್ಮದಿನ

ಆದ್ದರಿಂದ 1868ರ ಕೋನಿಗ್ಸ್‌ಬರ್ಗ್‌ನಿಂದ ಆರಂಭಿಸಬೇಡಿ. ಹೈಡ್ರೋಜನ್ನಿನ ಕೆಂಪು ರೇಖೆಯಿಂದ ಆರಂಭಿಸಿ. ಇದರ ತರಂಗದೂರ 656.3 ನ್ಯಾನೋಮೀಟರ್. ಪರಮಾಣುವಿನ ಎಲೆಕ್ಟ್ರಾನ್ ಮೂರನೆಯ ಶಕ್ತಿಮಟ್ಟದಿಂದ ಎರಡನೆಯದಕ್ಕೆ ಇಳಿದಾಗ ಈ ಬೆಳಕು ಹೊರಬರುತ್ತದೆ ಎಂದು 1913ರಲ್ಲಿ ನೀಲ್ಸ್ ಬೋರ್ ತೋರಿಸಿಕೊಟ್ಟರು. ಆದರೆ ಆ ರೇಖೆ ಒಂದಲ್ಲ, ಒತ್ತಿಕೊಂಡಿರುವ ಎರಡು ಎಂಬುದನ್ನು 1887ರಲ್ಲೇ ಮೈಕೆಲ್ಸನ್ ಮತ್ತು ಮಾರ್ಲೆ ಕಂಡಿದ್ದರು. ಬೋರ್ ಅವರ ಸಿದ್ಧಾಂತದಲ್ಲಿ ಈ ಇಬ್ಬಾಗಕ್ಕೆ ಸ್ಥಳವೇ ಇರಲಿಲ್ಲ.

ಸೊಮರ್‌ಫೆಲ್ಡ್ ಇಲ್ಲಿ ಇಟ್ಟ ಹೆಜ್ಜೆಗಳು ಎರಡು, ಅವುಗಳನ್ನು ಬೇರೆಬೇರೆಯಾಗಿಯೇ ಅರ್ಥಮಾಡಿಕೊಳ್ಳಬೇಕು. ಮೊದಲನೆಯದಾಗಿ ಅವರು ಕಕ್ಷೆಯನ್ನು ವೃತ್ತಕ್ಕೆ ಸೀಮಿತಗೊಳಿಸದೆ ದೀರ್ಘವೃತ್ತವಾಗಲು ಬಿಟ್ಟರು. ಎಲೆಕ್ಟ್ರಾನ್ ಸುತ್ತುವ ಚಲನೆಗೆ ಒಂದು ಕ್ವಾಂಟಂ ನಿಬಂಧನೆ, ನ್ಯೂಕ್ಲಿಯಸ್ಸಿಗೆ ಹತ್ತಿರವಾಗಿ ದೂರವಾಗುವ ಚಲನೆಗೆ ಇನ್ನೊಂದು. ಹೀಗೆ ಮಾಡಿದಾಗ ಮುಖ್ಯ ಕ್ವಾಂಟಂ ಸಂಖ್ಯೆ ಎರಡಾಗಿರುವ ಮಟ್ಟದಲ್ಲಿ ಒಂದು ವೃತ್ತ, ಒಂದು ದೀರ್ಘವೃತ್ತ ಎಂದು ಎರಡು ಕಕ್ಷೆಗಳು ದೊರೆಯುತ್ತವೆ. ಇಷ್ಟಾದರೂ ಎರಡರ ಶಕ್ತಿ ಒಂದೇ ಆಗಿರುತ್ತದೆ, ರೇಖೆ ಒಡೆಯುವುದಿಲ್ಲ. ದೀರ್ಘವೃತ್ತದಿಂದಲೇ ರೇಖೆ ಒಡೆಯಿತು ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುವವರು ಬಹಳ ಮಂದಿ, ಆ ತಪ್ಪನ್ನು ಇಲ್ಲೇ ತಿದ್ದಿಕೊಳ್ಳಿ. ಎರಡನೆಯ ಹೆಜ್ಜೆಯಲ್ಲಿ ಅವರು ಸಾಪೇಕ್ಷತೆಯನ್ನು ತಂದರು. ದೀರ್ಘವೃತ್ತದಲ್ಲಿ ಚಲಿಸುವ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಸಮೀಪಕ್ಕೆ ಬಂದಾಗ ವೇಗ ಹೆಚ್ಚುತ್ತದೆ, ವೇಗದೊಡನೆ ಅದರ ಜಡತ್ವವೂ ತುಸು ಹೆಚ್ಚುತ್ತದೆ, ಅದರಿಂದಾಗಿ ಇಡೀ ದೀರ್ಘವೃತ್ತವೇ ನಿಧಾನವಾಗಿ ತಿರುಗತೊಡಗುತ್ತದೆ. ವೃತ್ತ ಮತ್ತು ದೀರ್ಘವೃತ್ತಗಳ ಶಕ್ತಿಗಳು ಆಗ ಕೂದಲೆಳೆಯಷ್ಟು ಬೇರೆಯಾಗುತ್ತವೆ. ಈ ಫಲಿತಾಂಶಗಳನ್ನು ಅವರು ಬವೇರಿಯಾದ ವಿಜ್ಞಾನ ಅಕಾಡೆಮಿಯ ಮುಂದಿಟ್ಟದ್ದು 1915ರ ಡಿಸೆಂಬರ್ 6 ಮತ್ತು 1916ರ ಜನವರಿ 8ರಂದು, ಮೊದಲ ಮಹಾಯುದ್ಧದ ನಡುವೆ.

ಈಗ ನೋಟ್‌ಬುಕ್ ತೆರೆಯಿರಿ. ಎಲೆಕ್ಟ್ರಾನಿನ ವಿದ್ಯುದಂಶ 1.602 × 10⁻¹⁹ ಕೂಲಂಬ್. ಅದರ ವರ್ಗ 2.566 × 10⁻³⁸. ಇದನ್ನು ಕೂಲಂಬ್ ನಿಯಮದ ಸ್ಥಿರಾಂಕವಾದ 8.988 × 10⁹ರಿಂದ ಗುಣಿಸಿದರೆ 2.307 × 10⁻²⁸ ಬರುತ್ತದೆ. ಇದನ್ನು ಬದಿಗಿಟ್ಟುಕೊಳ್ಳಿ. ಪ್ಲಾಂಕ್ ಸ್ಥಿರಾಂಕವನ್ನು ಪೈಯ ಎರಡರಷ್ಟರಿಂದ ಭಾಗಿಸಿದಾಗ ದೊರೆಯುವ 1.0546 × 10⁻³⁴ ಎಂಬುದನ್ನು ಬೆಳಕಿನ ವೇಗವಾದ 2.998 × 10⁸ರಿಂದ ಗುಣಿಸಿ; 3.162 × 10⁻²⁶ ಬರಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.0073, ಅಂದರೆ ಸುಮಾರು 137ರಲ್ಲಿ ಒಂದು ಪಾಲು. ಮೇಲೆ ಕೆಳಗೆ ಎಲ್ಲ ಏಕಮಾನಗಳೂ ಹೊಡೆದುಹೋಗಿ ಬರಿಯ ಸಂಖ್ಯೆ ಉಳಿಯುತ್ತದೆ ಎಂಬುದನ್ನು ಕಣ್ಣಾರೆ ಪರಿಶೀಲಿಸಿ, ಏಕೆಂದರೆ ಈ ಸಂಖ್ಯೆಯ ಸೊಗಸೇ ಅದು. ಮೀಟರಿನಲ್ಲಿ ಅಳೆದರೂ ಮೊಳದಲ್ಲಿ ಅಳೆದರೂ ಅದು ಬದಲಾಗುವುದಿಲ್ಲ. ಸೊಮರ್‌ಫೆಲ್ಡ್ ಇದಕ್ಕೆ ಆಲ್ಫಾ ಎಂಬ ಅಕ್ಷರವನ್ನು ಕೊಟ್ಟರು, ಇಂದಿಗೂ ಇದನ್ನು ಸೂಕ್ಷ್ಮ ರಚನಾ ಸ್ಥಿರಾಂಕ ಎನ್ನುತ್ತೇವೆ. ಅವರ ಮೊದಲ ಅರ್ಥ ಸರಳವಾಗಿತ್ತು: ಹೈಡ್ರೋಜನ್ನಿನ ಮೊದಲ ಬೋರ್ ಕಕ್ಷೆಯಲ್ಲಿ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಎಷ್ಟನೆಯ ಪಾಲು ಎಂಬುದು. ಸೆಕೆಂಡಿಗೆ ಸುಮಾರು 2,190 ಕಿಲೋಮೀಟರ್ ಎಂದು ಅದನ್ನೂ ಪಕ್ಕದಲ್ಲಿ ಬರೆದಿಡಿ.

ಮುಂದಿನದು ರೇಖೆಯ ಇಬ್ಬಾಗ. ಹೈಡ್ರೋಜನ್ ರೇಖೆಗಳ ಸ್ಥಾನವನ್ನು ನಿರ್ಧರಿಸುವ ರಿಡ್‌ಬರ್ಗ್ ಸ್ಥಿರಾಂಕ ಪ್ರತಿ ಸೆಂಟಿಮೀಟರಿಗೆ 1,09,737. ಅದನ್ನು ಆಲ್ಫಾದ ವರ್ಗದಿಂದ, ಅಂದರೆ 5.325 × 10⁻⁵ರಿಂದ, ಗುಣಿಸಿದರೆ 5.84. ಎರಡನೆಯ ಮಟ್ಟಕ್ಕೆ ಇದನ್ನು ಎರಡರ ನಾಲ್ಕನೆಯ ಘಾತವಾದ 16ರಿಂದ ಭಾಗಿಸಬೇಕು; ಉತ್ತರ ಪ್ರತಿ ಸೆಂಟಿಮೀಟರಿಗೆ 0.365. ತರಂಗದೂರಕ್ಕೆ ಪರಿವರ್ತಿಸಲು ತರಂಗದೂರದ ವರ್ಗದಿಂದ ಗುಣಿಸಿ, ಆದರೆ 656.3 ನ್ಯಾನೋಮೀಟರನ್ನು ಮೊದಲು ಸೆಂಟಿಮೀಟರಿಗೆ ತನ್ನಿ. ನಾನು ಕಂಡ ನೋಟ್‌ಬುಕ್‌ಗಳಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಈ ಒಂದು ಸಾಲಿನಲ್ಲೇ. ಸರಿಯಾಗಿ ಮಾಡಿದರೆ ಎರಡು ಘಟಕಗಳ ನಡುವಿನ ಅಂತರ 0.0157 ನ್ಯಾನೋಮೀಟರ್ ಎಂದು ಬರುತ್ತದೆ. ಮೂರನೆಯ ಮಟ್ಟವೂ ಒಡೆಯುತ್ತದೆ, ಆದರೆ ಅಲ್ಲಿ ಒಟ್ಟು ಹರವಿಗೆ 16ರ ಬದಲು 81ರಿಂದ ಭಾಗಿಸಿ ಎರಡರಿಂದ ಗುಣಿಸಬೇಕಾಗುವುದರಿಂದ ಆ ಒಡಕು ಸಣ್ಣದು. ಕಣ್ಣಿಗೆ ಎದ್ದು ಕಾಣುವುದು ಎರಡನೆಯ ಮಟ್ಟದ ಇಬ್ಬಾಗವೇ.

ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ

0.0157 ಎಂಬುದು ಎಷ್ಟು ಸಣ್ಣದು ಎಂದು ತಿಳಿಯಲು ಸೋಡಿಯಂ ದೀಪದ ಎದುರು ಕುಳಿತುಕೊಳ್ಳಿ. ಮಿಲಿಮೀಟರಿಗೆ 600 ಗೀರುಗಳಿರುವ ಸಾಮಾನ್ಯ ಗ್ರೇಟಿಂಗ್‌ನಲ್ಲಿ ಹಳದಿ ರೇಖೆ 589.0 ಮತ್ತು 589.6 ನ್ಯಾನೋಮೀಟರುಗಳ ಜೋಡಿಯಾಗಿ ಸ್ಪಷ್ಟವಾಗಿ ಬೇರ್ಪಡುತ್ತದೆ. ದೂರದರ್ಶಕದ ಅಡ್ಡಗೆರೆಯನ್ನು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸಿ ನೋಡಿ. ಹೈಡ್ರೋಜನ್ನಿನ ಕೆಂಪು ಜೋಡಿಯ ಅಂತರ ಇದರ 38ನೆಯ ಒಂದು ಪಾಲು. ದೀಪವನ್ನು ಬದಲಿಸಿ ಹೈಡ್ರೋಜನ್ ನಳಿಕೆ ಇಟ್ಟರೆ ಎಷ್ಟು ಹೊತ್ತು ಕಣ್ಣು ಕಿರಿದಾಗಿಸಿ ನೋಡಿದರೂ ಒಂದೇ ಕೆಂಪು ಗೆರೆ ಕಾಣುತ್ತದೆ. ಏಕೆ ಎಂಬುದನ್ನೂ ಲೆಕ್ಕ ಹಾಕಬಹುದು. ಈ ಜೋಡಿಯನ್ನು ಬೇರ್ಪಡಿಸಲು ಬೇಕಾದ ರಿಸಾಲ್ವಿಂಗ್ ಪವರ್ 656.3ನ್ನು 0.0157ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 42,000. ನಮ್ಮ ಗ್ರೇಟಿಂಗಿನ 25 ಮಿಲಿಮೀಟರ್ ಅಗಲದಲ್ಲಿ 15,000 ಗೀರುಗಳಿವೆ. ಎರಡನೆಯ ಕ್ರಮಾಂಕದ ರೋಹಿತದಲ್ಲಿಯೂ ಅದು ಕೊಡಬಲ್ಲದ್ದು ಹೆಚ್ಚೆಂದರೆ 30,000, ಮೂರನೆಯ ಕ್ರಮಾಂಕ ಈ ಕೆಂಪು ಬೆಳಕಿಗೆ ದೊರೆಯುವುದೇ ಇಲ್ಲ. ಇದರ ಮೇಲೆ ಹಗುರವಾದ ಹೈಡ್ರೋಜನ್ ಪರಮಾಣುಗಳು ಅತ್ತಿತ್ತ ಓಡಾಡುವ ಕಾರಣ ಡಾಪ್ಲರ್ ಪರಿಣಾಮದಿಂದ ಪ್ರತಿಯೊಂದು ಘಟಕವೂ ಕೋಣೆಯ ಉಷ್ಣತೆಯಲ್ಲೇ 0.008 ನ್ಯಾನೋಮೀಟರಿನಷ್ಟು ದಪ್ಪವಾಗಿರುತ್ತದೆ. ಜೋಡಿ ಕಾಣದಿರುವ ಈ ಅನುಭವ, ಕಂಡಷ್ಟೇ ಮುಖ್ಯ ಎಂದು ನಾನು ಭಾವಿಸುತ್ತೇನೆ. 1916ರಲ್ಲಿ ಸಿದ್ಧಾಂತವನ್ನು ಪರೀಕ್ಷಿಸುವುದು ಎಂಥ ಕೆಲಸವಾಗಿತ್ತು ಎಂಬುದು ಆಗ ಮೈಗೆ ಹತ್ತುತ್ತದೆ.

ಟ್ಯೂಬಿಂಗನ್‌ನಲ್ಲಿದ್ದ ಫ್ರೆಡ್ರಿಕ್ ಪಾಶೆನ್ ಈ ತೊಡಕನ್ನು ದಾಟಿದ ಬಗೆಯನ್ನು ಇದೇ ನೋಟ್‌ಬುಕ್ಕಿನಲ್ಲಿ ಹಿಂಬಾಲಿಸಬಹುದು. ಅವರು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ ಅಯಾನಿನ 468.6 ನ್ಯಾನೋಮೀಟರ್ ರೇಖೆಯನ್ನು ತೆಗೆದುಕೊಂಡರು. ಸೂಕ್ಷ್ಮ ರಚನೆಯ, ಅಂದರೆ ಮಟ್ಟಗಳ ಈ ಸಣ್ಣ ಒಡಕಿನ, ಅಂತರ ನ್ಯೂಕ್ಲಿಯಸ್ಸಿನ ವಿದ್ಯುದಂಶದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಹೀಲಿಯಮ್ಮಿಗೆ ಆ ಅಂಶ 16. ಆ ಅಯಾನಿನ ಮೂರನೆಯ ಮಟ್ಟದ ಒಟ್ಟು ಹರವು ಪ್ರತಿ ಸೆಂಟಿಮೀಟರಿಗೆ 2.3, ಹೈಡ್ರೋಜನ್ನಿನ 0.365ರ ಆರು ಪಟ್ಟಿಗೂ ಹೆಚ್ಚು. ಹೀಲಿಯಂ ಹೈಡ್ರೋಜನ್ನಿಗಿಂತ ನಾಲ್ಕು ಪಟ್ಟು ಭಾರ, ಆದ್ದರಿಂದ ಅದೇ ಉಷ್ಣತೆಯಲ್ಲಿ ರೇಖೆಗಳೂ ತೆಳುವಾಗಿರುತ್ತವೆ. ಸೊಮರ್‌ಫೆಲ್ಡ್ ಮತ್ತು ಪಾಶೆನ್ ನಡುವೆ ಆ ತಿಂಗಳುಗಳಲ್ಲಿ ಪತ್ರಗಳು ಓಡಾಡಿದವು, 1916ರಲ್ಲೇ ಅಳತೆಗಳು ಲೆಕ್ಕಕ್ಕೆ ಹೊಂದಿಕೊಂಡವು. ಇದೇ ನಾಲ್ಕನೆಯ ಘಾತವನ್ನು ಹಿಡಿದು ಸೊಮರ್‌ಫೆಲ್ಡ್ ಭಾರವಾದ ಧಾತುಗಳ ಎಕ್ಸ್-ಕಿರಣ ರೋಹಿತಗಳ ಜೋಡಿರೇಖೆಗಳವರೆಗೂ ಹೋದರು. ಹೈಡ್ರೋಜನ್ನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದದ್ದು ಯುರೇನಿಯಮ್ಮಿನಲ್ಲಿ ಬೃಹತ್ತಾಗಿ ನಿಲ್ಲುತ್ತದೆ.

ರಿಸಾಲ್ವಿಂಗ್ ಪವರ್ ಲೆಕ್ಕ ಮಾಡುವಾಗ ನನಗೆ ಯಾವಾಗಲೂ ನೆನಪಾಗುವ ಘಟನೆಯೊಂದಿದೆ. 1923ರ ಜುಲೈನಲ್ಲಿ ಹೈಸೆನ್‌ಬರ್ಗ್ ಅವರ ಡಾಕ್ಟರೇಟ್ ಮೌಖಿಕ ಪರೀಕ್ಷೆ ನಡೆದಾಗ ಪ್ರಯೋಗ ವಿಭಾಗದ ಪ್ರಾಧ್ಯಾಪಕ ವಿಲ್ಹೆಲ್ಮ್ ವೀನ್ ಕೇಳಿದ್ದು ಇದನ್ನೇ: ವ್ಯತಿಕರಣಮಾಪಕದ ರಿಸಾಲ್ವಿಂಗ್ ಪವರ್ ಎಷ್ಟು, ಸೂಕ್ಷ್ಮದರ್ಶಕದ್ದೆಷ್ಟು, ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ. ಹೈಸೆನ್‌ಬರ್ಗ್ ಉತ್ತರಿಸಲಾರದೆ ಹೋದರು. ಸೊಮರ್‌ಫೆಲ್ಡ್ ಕೊಟ್ಟ ಉನ್ನತ ಅಂಕವೂ ವೀನ್ ಕೊಟ್ಟ ಕೆಳಮಟ್ಟದ ಅಂಕವೂ ಸೇರಿ ಅವರು ಸಾಧಾರಣ ದರ್ಜೆಯಲ್ಲಿ ತೇರ್ಗಡೆಯಾದರು. ಪದವಿ ವಿದ್ಯಾರ್ಥಿಯೊಬ್ಬರು ಮೇಲಿನ ಲೆಕ್ಕವನ್ನು ಮಾಡಿ ಮುಗಿಸಿದ ದಿನ ಈ ಸಂಗತಿಯನ್ನು ಅವರಿಗೆ ಹೇಳಿ. ಬೇರೆ ಯಾವ ದಿನ ಹೇಳಿದರೂ ಅದು ಬರಿಯ ಉಪಕಥೆಯಾಗುತ್ತದೆ.

ಸೂತ್ರ ಸರಿ, ಚಿತ್ರ ತಪ್ಪು

ಈ ಓದಿನಲ್ಲಿ ಅತ್ಯಂತ ಎಚ್ಚರ ಬೇಕಾದ ಸ್ಥಳ ಇದು. ನೋಟ್‌ಬುಕ್ಕಿನ ಒಂದು ಪುಟವನ್ನು ಉದ್ದಕ್ಕೆ ಎರಡಾಗಿ ಭಾಗಿಸಿ, ಎಡಗಡೆ 1916, ಬಲಗಡೆ 1928 ಎಂದು ಬರೆಯಿರಿ. ಎಡಗಡೆ ಸೊಮರ್‌ಫೆಲ್ಡ್ ಅವರ ಎರಡನೆಯ ಮಟ್ಟ: ಒಂದು ವೃತ್ತ, ಒಂದು ದೀರ್ಘವೃತ್ತ, ಅಂತರ 0.365. ಬಲಗಡೆ ಇಂಗ್ಲೆಂಡಿನ ಭೌತವಿಜ್ಞಾನಿ ಪಾಲ್ ಡಿರಾಕ್ ಅವರ ಸಮೀಕರಣ ಕೊಡುವ ಎರಡನೆಯ ಮಟ್ಟ: ಒಟ್ಟು ಕೋನೀಯ ಸಂವೇಗದ ಕ್ವಾಂಟಂ ಸಂಖ್ಯೆ ಅರ್ಧವಾಗಿರುವ ಒಂದು ಮಟ್ಟ, ಒಂದೂವರೆಯಾಗಿರುವ ಇನ್ನೊಂದು, ಅಂತರ ಮತ್ತೆ ಅದೇ 0.365. ಡಿರಾಕ್ ಅವರ ಲೆಕ್ಕದಲ್ಲಿ ಕಕ್ಷೆಗಳೇ ಇಲ್ಲ. ಅಲ್ಲಿ 1925ರಲ್ಲಷ್ಟೇ ಬೆಳಕಿಗೆ ಬಂದ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದರದೇ ಆಂತರಿಕ ಕೋನೀಯ ಸಂವೇಗ, ಇದೆ, ತರಂಗಗಳಿವೆ. ಸೊಮರ್‌ಫೆಲ್ಡ್ ಅವರ ಸೂತ್ರದಲ್ಲಿದ್ದ ಕ್ವಾಂಟಂ ಸಂಖ್ಯೆಯ ಜಾಗದಲ್ಲಿ ಕೋನೀಯ ಸಂವೇಗದ ಸಂಖ್ಯೆಗೆ ಅರ್ಧವನ್ನು ಕೂಡಿಸಿ ಇಟ್ಟರೆ ಡಿರಾಕ್ ಅವರ ಸೂತ್ರ ಅಕ್ಷರಶಃ ಬಂದುಬಿಡುತ್ತದೆ. ಸ್ಪಿನ್ನಿನ ಅರಿವಿಲ್ಲದೆ, ಸ್ಪಿನ್ನಿನ ಪರಿಣಾಮವನ್ನೂ ಒಳಗೊಂಡ ಉತ್ತರ ಹನ್ನೆರಡು ವರ್ಷ ಮೊದಲೇ ಕೈಗೆ ಸಿಕ್ಕಿತ್ತು.

ಇದನ್ನು ಅದೃಷ್ಟ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಶಕ್ತಿಮಟ್ಟಗಳ ಗಣಿತದ ಸಮ್ಮಿತಿ ಎರಡೂ ಸಿದ್ಧಾಂತಗಳಲ್ಲಿ ಹಂಚಿಕೊಂಡಿದ್ದರಿಂದ ಈ ಹೊಂದಿಕೆ ಸಾಧ್ಯವಾಯಿತು ಎಂಬುದೊಂದು ಮಾತು. ಇನ್ನೊಂದು, ಸೊಮರ್‌ಫೆಲ್ಡ್ ತಮ್ಮ ಚಿತ್ರಕ್ಕೆ ಅಂಟಿಕೊಂಡು ಕೂರಲಿಲ್ಲ. ಯಾವ ಮಟ್ಟದಿಂದ ಯಾವುದಕ್ಕೆ ಇಳಿಯಬಹುದು ಎಂದು ಹೇಳುವ ಹಳೆಯ ಆಯ್ಕೆ ನಿಯಮಗಳು ನಿಷೇಧಿಸಿದ್ದ ರೇಖೆಗಳು ರೋಹಿತಗಳಲ್ಲಿ ಕಂಡಾಗ, ಕಾಂತಕ್ಷೇತ್ರದಲ್ಲಿ ರೇಖೆಗಳು ವಿಲಕ್ಷಣವಾಗಿ ಒಡೆಯುವುದನ್ನು ವಿವರಿಸಲಾಗದಾಗ, ಅವರು ಮಾದರಿಯನ್ನು ಬದಿಗಿಟ್ಟು ಅಂಕಿಗಳ ನಡುವಿನ ನಿಯಮಬದ್ಧತೆಯನ್ನಷ್ಟೇ ಹುಡುಕತೊಡಗಿದರು. 1920ರಲ್ಲಿ ಅವರು ಮಂಡಿಸಿದ ಒಳ ಕ್ವಾಂಟಂ ಸಂಖ್ಯೆ ಹುಟ್ಟಿದ್ದು ಹೀಗೆ. 1919ರಲ್ಲಿ ಮೊದಲು ಪ್ರಕಟವಾದ, ಪರಮಾಣು ರಚನೆ ಮತ್ತು ರೋಹಿತ ರೇಖೆಗಳನ್ನು ಕುರಿತ ಅವರ ಪುಸ್ತಕವನ್ನು ಅವರು ಆವೃತ್ತಿಯಿಂದ ಆವೃತ್ತಿಗೆ ತಿದ್ದಿ ಬೆಳೆಸುತ್ತಲೇ ಇದ್ದರು, ಒಂದು ಪೀಳಿಗೆ ಅದರಿಂದಲೇ ಪರಮಾಣು ಭೌತವಿಜ್ಞಾನವನ್ನು ಕಲಿತಿತು. ಹಳೆಯ ಪುಟಗಳನ್ನು ಓದುವಾಗ ಒಂದು ಸಂಗತಿ ನೆನಪಿರಲಿ: ಅವರ ಕೋನೀಯ ಕ್ವಾಂಟಂ ಸಂಖ್ಯೆ ಒಂದರಿಂದ ಆರಂಭವಾಗುತ್ತದೆ, ನಮ್ಮದು ಸೊನ್ನೆಯಿಂದ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದನ್ನು ಕಳೆದು ಬರೆದುಕೊಳ್ಳದಿದ್ದರೆ ಮೂರನೆಯ ಪುಟದಲ್ಲೇ ದಾರಿ ತಪ್ಪುತ್ತದೆ.

ಬದುಕನ್ನು ಊರುಗಳ ಮೂಲಕ ಜೋಡಿಸಿ

ಈಗ ಜೀವನಕ್ಕೆ ಬನ್ನಿ. ವರ್ಷವಾರು ಪಟ್ಟಿ ಮಾಡುವುದಕ್ಕಿಂತ ಊರುಗಳನ್ನು ಹಿಡಿದು ಹೋಗುವುದು ಲೇಸು, ಏಕೆಂದರೆ ಒಂದೊಂದು ಊರಿನಲ್ಲಿಯೂ ಅವರು ಒಂದೊಂದು ಪಟ್ಟನ್ನು ಕಲಿತರು. 1868ರ ಡಿಸೆಂಬರ್ 5ರಂದು ಪೂರ್ವ ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ, ಇಂದಿನ ಕಲಿನಿನ್‌ಗ್ರಾಡ್‌ನಲ್ಲಿ, ವೈದ್ಯರೊಬ್ಬರ ಮಗನಾಗಿ ಹುಟ್ಟಿದರು. ಅಲ್ಲೇ 1891ರಲ್ಲಿ ಗಣಿತಜ್ಞ ಲಿಂಡೆಮನ್ ಅವರಲ್ಲಿ ಡಾಕ್ಟರೇಟ್ ಪಡೆದರು. ಗಾಟಿಂಗನ್‌ನಲ್ಲಿ ಫೀಲಿಕ್ಸ್ ಕ್ಲೈನ್ ಅವರ ಸಹಾಯಕರಾದಾಗ ಗಣಿತವನ್ನು ನಿಜವಾದ ಸಮಸ್ಯೆಗಳಿಗೆ ತೊಡಗಿಸುವ ದೀಕ್ಷೆ ಸಿಕ್ಕಿತು. ಬೆಳಕಿನ ವಿವರ್ತನೆಯ ಕುರಿತ ಅವರ ಗಣಿತೀಯ ಸಿದ್ಧಾಂತ ಅಲ್ಲಿನದು, ಕ್ಲೈನ್ ಅವರೊಡನೆ ಬುಗುರಿಯ ಚಲನೆಯ ಮೇಲೆ ನಾಲ್ಕು ಸಂಪುಟಗಳ ಗ್ರಂಥವೂ ಅಲ್ಲಿಂದಲೇ ಮೊದಲಾದದ್ದು. 1897ರಿಂದ ಕ್ಲೌಸ್ತಾಲ್‌ನ ಗಣಿಗಾರಿಕೆಯ ಅಕಾಡೆಮಿಯಲ್ಲಿ ಗಣಿತ ಕಲಿಸಿದರು.

1900ರಲ್ಲಿ ಹೋದ ಆಹೆನ್‌ನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಅಲ್ಲಿ ಅವರದು ತಾಂತ್ರಿಕ ವಿದ್ಯಾಲಯದಲ್ಲಿ ಯಂತ್ರವಿಜ್ಞಾನದ ಪೀಠ, ಎದುರಿಗಿದ್ದವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಈ ಗಣಿತಜ್ಞ ತಮಗೆ ಯಾವ ಉಪಯೋಗ ಎಂದು ಅನುಮಾನಿಸಿದ ಜನರ ನಡುವೆ ಅವರು ತಿರುಗುವ ದಂಡ ಮತ್ತು ಅದರ ಬೇರಿಂಗಿನ ನಡುವಿನ ಎಣ್ಣೆಪದರದ ಸಿದ್ಧಾಂತವನ್ನು 1904ರಲ್ಲಿ ಕಟ್ಟಿಕೊಟ್ಟರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರೆಲ್ಲ ಬೇರಿಂಗ್ ವಿನ್ಯಾಸದಲ್ಲಿ ಸೊಮರ್‌ಫೆಲ್ಡ್ ಸಂಖ್ಯೆ ಬಳಸಿಯೇ ಇರುತ್ತಾರೆ. ಆ ಸೊಮರ್‌ಫೆಲ್ಡ್ ಮತ್ತು ಹೈಡ್ರೋಜನ್ ಪರಮಾಣುವಿನ ಸೊಮರ್‌ಫೆಲ್ಡ್ ಒಬ್ಬರೇ ಎಂದು ಹೇಳಿದಾಗ ಎಂಜಿನಿಯರ್ ಗೆಳೆಯರ ಮುಖದಲ್ಲಿ ಮೂಡುವ ಅಚ್ಚರಿಯನ್ನು ನಾನು ಹಲವು ಸಲ ಕಂಡಿದ್ದೇನೆ. ಉತ್ತರವನ್ನು ಅಂಕಿಯಾಗಿ ಇಳಿಸುವವರೆಗೆ ಲೆಕ್ಕ ಮುಗಿದಿಲ್ಲ ಎಂಬ ಅವರ ಹಟ ಆಹೆನ್‌ನಲ್ಲಿ ಗಟ್ಟಿಯಾದದ್ದು.

1906ರಲ್ಲಿ ಮ್ಯೂನಿಕ್. ಬೋಲ್ಟ್ಸ್‌ಮನ್ ಬಿಟ್ಟುಹೋದ ಮೇಲೆ ವರ್ಷಗಟ್ಟಲೆ ತುಂಬದೆ ಉಳಿದಿದ್ದ ಸೈದ್ಧಾಂತಿಕ ಭೌತವಿಜ್ಞಾನದ ಪೀಠಕ್ಕೆ ಅವರನ್ನು ಕರೆತರಲು ರಾಂಟ್ಜೆನ್ ಒತ್ತಾಸೆಯಾಗಿದ್ದರು. ಆಹೆನ್‌ನಿಂದ ಜೊತೆಗೆ ಬಂದ ಸಹಾಯಕ ಪೀಟರ್ ಡಿಬೈ. ಮುಂದಿನ ಮೂರು ದಶಕಗಳು ಇಲ್ಲೇ.

ತರಗತಿಯನ್ನು ಹೇಗೆ ಓದಬೇಕು

ಅವರ ಬೋಧನೆಯನ್ನು ಅರಿಯಲು ಶಿಷ್ಯರ ಹೊಗಳಿಕೆಗಿಂತ ಅದರ ಕಟ್ಟಡವನ್ನು ನೋಡಿ. ಮುಖ್ಯ ಉಪನ್ಯಾಸಗಳು ಆರು ಭಾಗಗಳಲ್ಲಿ ಸುತ್ತು ಬರುತ್ತಿದ್ದವು: ಯಂತ್ರವಿಜ್ಞಾನ, ರೂಪ ಬದಲಿಸುವ ಕಾಯಗಳ ಯಂತ್ರವಿಜ್ಞಾನ, ವಿದ್ಯುತ್ ಚಲನವಿಜ್ಞಾನ, ದ್ಯುತಿವಿಜ್ಞಾನ, ಉಷ್ಣಚಲನವಿಜ್ಞಾನ, ಕೊನೆಗೆ ಭೌತವಿಜ್ಞಾನದ ಆಂಶಿಕ ಅವಕಲ ಸಮೀಕರಣಗಳು. ವಾರಕ್ಕೆ ನಾಲ್ಕು ಗಂಟೆಯ ಈ ಪಾಠದ ಪಕ್ಕದಲ್ಲೇ ವಾರಕ್ಕೆ ಎರಡು ಗಂಟೆಯ ಇನ್ನೊಂದು ಪಾಠವಿತ್ತು. ಅದರಲ್ಲಿ ಅವರು ಆ ಹೊತ್ತಿಗೆ ತಾವೇ ತೊಡಗಿದ್ದ, ಇನ್ನೂ ಉತ್ತರ ಸಿಗದ ವಿಷಯವನ್ನು ಹೇಳುತ್ತಿದ್ದರು. ಮೂರನೆಯದು ಸೆಮಿನಾರ್, ಅಲ್ಲಿ ವಿದ್ಯಾರ್ಥಿಗಳು ಹೊಸ ಪ್ರಬಂಧಗಳನ್ನು ಓದಿ ಮಂಡಿಸಬೇಕಿತ್ತು. ಆಲ್ಪ್ಸ್‌ನ ಸುಡೆಲ್‌ಫೆಲ್ಡ್‌ನಲ್ಲಿದ್ದ ಅವರ ಸ್ಕೀ ಗುಡಿಸಲಿನಲ್ಲಿ ಚರ್ಚೆ ರಜಾದಿನಗಳಲ್ಲೂ ಮುಂದುವರಿಯುತ್ತಿತ್ತು.

ಎರಡು ನಿದರ್ಶನಗಳನ್ನು ಹತ್ತಿರದಿಂದ ನೋಡಿ. 1918ರಲ್ಲಿ ಹದಿನೆಂಟರ ಪೌಲಿ ಬಂದರು. ಗಣಿತ ವಿಶ್ವಕೋಶದ ಭೌತವಿಜ್ಞಾನ ಸಂಪುಟದ ಸಂಪಾದಕರಾಗಿದ್ದ ಸೊಮರ್‌ಫೆಲ್ಡ್, ಸಾಪೇಕ್ಷತಾ ಸಿದ್ಧಾಂತದ ಲೇಖನವನ್ನು ಬರೆಯುವ ಹೊಣೆಯನ್ನು ಈ ಹುಡುಗನಿಗೆ ಒಪ್ಪಿಸಿದರು. 1921ರಲ್ಲಿ ಅದು ಇನ್ನೂರಕ್ಕೂ ಹೆಚ್ಚು ಪುಟಗಳ ಲೇಖನವಾಗಿ ಹೊರಬಂದು ಐನ್‌ಸ್ಟೈನ್ ಅವರ ಮೆಚ್ಚುಗೆ ಪಡೆಯಿತು. 1920ರಲ್ಲಿ ಹೈಸೆನ್‌ಬರ್ಗ್ ಬಂದಾಗ, ಇನ್ನೂ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಅವರ ಕೈಗೆ ಕಾಂತಕ್ಷೇತ್ರದಲ್ಲಿ ಒಡೆದ ರೇಖೆಗಳ ಹೊಚ್ಚ ಹೊಸ ಅಳತೆಗಳನ್ನು ಕೊಟ್ಟು, ಇದರಿಂದ ಕ್ವಾಂಟಂ ಸಂಖ್ಯೆಗಳನ್ನು ಹುಡುಕು ಎಂದರು. ಹುಡುಗ ಅರ್ಧ ಕ್ವಾಂಟಂ ಸಂಖ್ಯೆಗಳೊಡನೆ ಮರಳಿ ಬಂದ. ಪೂರ್ಣಾಂಕಗಳನ್ನೇ ನಂಬಿದ್ದ ಗುರುಗಳು ಹಿಂಜರಿದರು, ಆದರೆ ಹುಡುಗನ ಕೆಲಸವನ್ನು ತಡೆಯಲಿಲ್ಲ. 1922–23ರ ಚಳಿಗಾಲದಲ್ಲಿ ತಾವು ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಬೇಕಾದಾಗ ಆತನನ್ನು ಗಾಟಿಂಗನ್‌ನ ಮ್ಯಾಕ್ಸ್ ಬಾರ್ನ್ ಅವರ ಬಳಿ ಕಳುಹಿಸಿದರು.

ಅವರು ತಪ್ಪಿದ್ದೂ ಉಂಟು, ಅದನ್ನು ಬಿಟ್ಟು ಬರೆಯಬಾರದು. 1912ರಲ್ಲಿ ಹರಳುಗಳ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿ ನೋಡುವ ಯೋಚನೆಯನ್ನು ಮ್ಯೂನಿಕ್‌ನಲ್ಲೇ ಇದ್ದ ಭೌತವಿಜ್ಞಾನಿ ಲಾವೆ ಮುಂದಿಟ್ಟಾಗ ಸೊಮರ್‌ಫೆಲ್ಡ್ ಅದರಲ್ಲಿ ವಿಶ್ವಾಸ ತೋರಲಿಲ್ಲ. ಅವರದೇ ಸಂಸ್ಥೆಯ ಸಹಾಯಕ ಫ್ರೆಡ್ರಿಕ್, ಕ್ನಿಪಿಂಗ್ ಅವರೊಡನೆ ಸೇರಿ ಪ್ರಯೋಗ ಮಾಡಿ ಗೆದ್ದರು.

ಇದನ್ನು ನಮ್ಮ ಕಾಲೇಜುಗಳಿಗೆ ತರುವುದು ಹೇಗೆ ಎಂದು ಕೇಳುವವರಿಗೆ ನನ್ನ ಸಲಹೆ ಒಂದೇ. ಎರಡನೆಯ ಪಾಠದಿಂದ ಆರಂಭಿಸಿ. ಪಠ್ಯಕ್ರಮವನ್ನು ಮುಟ್ಟದೆ, ವಾರಕ್ಕೆ ಒಂದು ಗಂಟೆ, ನಿಮಗೇ ಉತ್ತರ ಗೊತ್ತಿಲ್ಲದ ಒಂದು ಲೆಕ್ಕವನ್ನು ಐದಾರು ವಿದ್ಯಾರ್ಥಿಗಳ ಎದುರು ಹಲಗೆಯ ಮೇಲೆ ಮಾಡಿ. ಹಲಗೆಯ ಮೇಲೆ ನೀವು ತಡವರಿಸುವುದನ್ನು ಅವರು ನೋಡಲಿ. ಸೋಡಿಯಂ ಜೋಡಿಗೂ ಹೈಡ್ರೋಜನ್ ಜೋಡಿಗೂ ನಡುವಿನ 38 ಪಟ್ಟಿನ ವ್ಯತ್ಯಾಸ ಎಲ್ಲಿಂದ ಬಂತು ಎಂಬ ಪ್ರಶ್ನೆಯೊಂದೇ ಮೂರು ವಾರಗಳಿಗೆ ಸಾಕಾಗುತ್ತದೆ.

ಭಾರತದ ದಾರಿ

1928ರಲ್ಲಿ ವಿಶ್ವಪ್ರವಾಸ ಹೊರಟ ಸೊಮರ್‌ಫೆಲ್ಡ್ ಭಾರತಕ್ಕೂ ಬಂದರು. ರಾಮನ್ ಪರಿಣಾಮ ಪ್ರಕಟವಾಗಿ ಕೆಲವೇ ತಿಂಗಳಾಗಿತ್ತು. ಕಲ್ಕತ್ತೆಯಲ್ಲಿ ಅವರು ತರಂಗ ಯಂತ್ರವಿಜ್ಞಾನದ ಮೇಲೆ ಉಪನ್ಯಾಸಗಳನ್ನು ಕೊಟ್ಟರು, ಕೆ.ಎಸ್. ಕೃಷ್ಣನ್ ಅವುಗಳ ಟಿಪ್ಪಣಿಗಳನ್ನು ಸಿದ್ಧಪಡಿಸಿದರು, ಕಲ್ಕತ್ತ ವಿಶ್ವವಿದ್ಯಾಲಯ 1929ರಲ್ಲಿ ಪುಸ್ತಕವಾಗಿ ಹೊರತಂದಿತು. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಆಹ್ವಾನದ ಮೇಲೆ 1935–36ರಲ್ಲಿ ಇದೇ ಸಂಸ್ಥೆಯಲ್ಲಿ ಕೆಲ ತಿಂಗಳು ಇದ್ದವರು, ಜರ್ಮನಿಯನ್ನು ಬಿಡಬೇಕಾಗಿ ಬಂದಿದ್ದ ಮ್ಯಾಕ್ಸ್ ಬಾರ್ನ್. ಸೊಮರ್‌ಫೆಲ್ಡ್ ಹೈಸೆನ್‌ಬರ್ಗ್ ಅವರನ್ನು ಕಳುಹಿಸಿದ್ದು ಇವರ ಬಳಿಗೇ.

ಕೊನೆಯ ವರ್ಷಗಳು

ನಾಜಿಗಳು ಅಧಿಕಾರಕ್ಕೆ ಬಂದ 1933ರ ನಂತರದ ಭಾಗವನ್ನು ಅವಸರದಲ್ಲಿ ಓದಬೇಡಿ. ಯಹೂದಿ ಮೂಲದ ವಿಜ್ಞಾನಿಗಳು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡಾಗ ಸೊಮರ್‌ಫೆಲ್ಡ್ ಅವರಿಗೆ ಹೊರದೇಶಗಳಲ್ಲಿ ನೆಲೆ ಹುಡುಕಲು ನೆರವಾದರು. 1935ರಲ್ಲಿ ನಿವೃತ್ತಿಯ ವಯಸ್ಸಾದಾಗ ತಮ್ಮ ಪೀಠಕ್ಕೆ ಹೈಸೆನ್‌ಬರ್ಗ್ ಬರಬೇಕೆಂದು ಬಯಸಿದರು. ಸಾಪೇಕ್ಷತೆಯನ್ನೂ ಕ್ವಾಂಟಂ ಸಿದ್ಧಾಂತವನ್ನೂ ಯಹೂದಿ ಭೌತವಿಜ್ಞಾನ ಎಂದು ಹಳಿಯುತ್ತಿದ್ದ ಗುಂಪು, ಯೊಹಾನೆಸ್ ಸ್ಟಾರ್ಕ್ ಅವರ ಮುಂದಾಳುತನದಲ್ಲಿ, ಅದನ್ನು ತಡೆಯಿತು, 1937ರಲ್ಲಿ ನಾಜಿಗಳ ಎಸ್.ಎಸ್. ಪಡೆಯ ಪತ್ರಿಕೆಯೊಂದು ಹೈಸೆನ್‌ಬರ್ಗ್ ಅವರನ್ನು, ಯಹೂದಿಯಲ್ಲದಿದ್ದರೂ ಯಹೂದಿ ಚಿಂತನೆಯವರು ಎಂಬ ಅರ್ಥದಲ್ಲಿ, ಬಿಳಿಯ ಯಹೂದಿ ಎಂದು ನಿಂದಿಸಿತು. ನಾಲ್ಕೂವರೆ ವರ್ಷ ಎಳೆದಾಡಿ 1939ರ ಡಿಸೆಂಬರಿನಲ್ಲಿ ಆ ಪೀಠಕ್ಕೆ ನೇಮಕವಾದ ವಿಲ್ಹೆಲ್ಮ್ ಮ್ಯುಲರ್ ಸೈದ್ಧಾಂತಿಕ ಭೌತವಿಜ್ಞಾನಿಯೇ ಆಗಿರಲಿಲ್ಲ. ಮೂವತ್ತು ವರ್ಷ ಕಟ್ಟಿದ ಶಾಲೆ ತಮ್ಮ ಕಣ್ಣೆದುರೇ ಕುಸಿಯುವುದನ್ನು ಅವರು ನೋಡಬೇಕಾಯಿತು. ಆಗ ಅವರು ಮಾಡಿದ ಕೆಲಸವೆಂದರೆ ಆ ಆರು ಉಪನ್ಯಾಸಗಳನ್ನು ಆರು ಸಂಪುಟಗಳಾಗಿ ಬರೆಯಲು ಕುಳಿತದ್ದು. ತರಗತಿ ಕೈತಪ್ಪಿದ್ದರೂ ಪಾಠ ಹೀಗೆ ಮುಂದುವರಿಯಿತು. ಉಷ್ಣಚಲನವಿಜ್ಞಾನದ ಸಂಪುಟ ಮುಗಿಯುವ ಮೊದಲೇ, 1951ರ ವಸಂತದಲ್ಲಿ ಮೊಮ್ಮಕ್ಕಳೊಡನೆ ನಡೆದು ಹೋಗುತ್ತಿದ್ದಾಗ ವಾಹನವೊಂದು ಬಡಿದು, ಏಪ್ರಿಲ್ 26ರಂದು ತೀರಿಕೊಂಡರು. ಆ ಸಂಪುಟವನ್ನು ಬೊಪ್ ಮತ್ತು ಮೈಕ್ಸ್‌ನರ್ ಪೂರ್ಣಗೊಳಿಸಿದರು.

ಅವರ ಹೆಸರು ನೊಬೆಲ್ ಪುರಸ್ಕಾರಕ್ಕೆ 84 ಬಾರಿ ಸೂಚಿತವಾಗಿಯೂ ಬಹುಮಾನ ಬರಲಿಲ್ಲ ಎಂಬುದನ್ನೇ ಲೇಖನದ ತಲೆಬರಹ ಮಾಡುವವರು ಹಲವರು. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ಒಳ್ಳೆಯದು. ಆ ಜಾಗದಲ್ಲಿ ಈ ಕೊನೆಯ ಲೆಕ್ಕವನ್ನು ಮಾಡಿ.

ಗ್ರಾಫ್ ಹಾಳೆಯ ಮೇಲೆ ಹೈಡ್ರೋಜನ್ನಿನ ಎರಡನೆಯ ಮಟ್ಟದ ಎರಡು ಗೆರೆಗಳನ್ನು 0.365ಕ್ಕೆ 36.5 ಮಿಲಿಮೀಟರ್ ಎಂಬ ಅಳತೆಯಲ್ಲಿ ಎಳೆಯಿರಿ. ಡಿರಾಕ್ ಅವರ ಪ್ರಕಾರ ಕೆಳಗಿನ ಗೆರೆಯಲ್ಲಿ ಎರಡು ಸ್ಥಿತಿಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತಿವೆ. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಮೈಕ್ರೋವೇವ್‌ಗಳಿಂದ ಅಳೆದಾಗ ಅವು ಸುಮಾರು 1,000 ಮೆಗಾಹರ್ಟ್ಸ್‌ನಷ್ಟು ಬೇರೆಯಾಗಿರುವುದು ಕಂಡಿತು; ಇಂದಿನ ಬೆಲೆ 1,058. ಪ್ರತಿ ಸೆಂಟಿಮೀಟರಿಗೆ ಒಂದು ಎಂದರೆ 29,979 ಮೆಗಾಹರ್ಟ್ಸ್, ಆದ್ದರಿಂದ ಅದನ್ನು 29,979ರಿಂದ ಭಾಗಿಸಿದರೆ ಪ್ರತಿ ಸೆಂಟಿಮೀಟರಿಗೆ 0.035, ನಿಮ್ಮ ಹಾಳೆಯ ಮೇಲೆ ಮೂರೂವರೆ ಮಿಲಿಮೀಟರ್. ಅಳತೆಗೂ ಲೆಕ್ಕಕ್ಕೂ ನಡುವೆ ಮತ್ತೆ ಒಂದು ಸಣ್ಣ ಅಂತರ. ಆ ಸುದ್ದಿಯನ್ನು ಕೇಳಿ, ನ್ಯೂಯಾರ್ಕ್‌ನಿಂದ ಸ್ಕೆನೆಕ್ಟಡಿಗೆ ಹೋಗುವ ರೈಲಿನಲ್ಲಿ ಕುಳಿತು ಲೆಕ್ಕ ಆರಂಭಿಸಿ 1,040 ಮೆಗಾಹರ್ಟ್ಸ್ ಎಂಬ ಉತ್ತರ ತಂದವರು ಹಾನ್ಸ್ ಬೆಥೆ, 1928ರಲ್ಲಿ ಮ್ಯೂನಿಕ್‌ನಲ್ಲಿ ಸೊಮರ್‌ಫೆಲ್ಡ್ ಅವರಿಂದ ಡಾಕ್ಟರೇಟ್ ಪಡೆದು, 1933ರಲ್ಲಿ ಟ್ಯೂಬಿಂಗನ್‌ನ ಕೆಲಸ ಕಳೆದುಕೊಂಡಾಗ ಅವರದೇ ಆಸರೆಯಲ್ಲಿ ಕೆಲಕಾಲ ನಿಂತು ದೇಶ ಬಿಟ್ಟವರು. ಆ ಮೂರೂವರೆ ಮಿಲಿಮೀಟರಿನ ಗೆರೆಯನ್ನು ಬೇರೆ ಬಣ್ಣದ ಪೆನ್ಸಿಲಿನಿಂದ ಎಳೆದು, ಪಕ್ಕದಲ್ಲಿ ಸೊಮರ್‌ಫೆಲ್ಡ್ ಮತ್ತು ಬೆಥೆ ಇಬ್ಬರ ಹೆಸರನ್ನೂ ಬರೆಯಿರಿ.